ಬ್ಯಾಟರಿ ವೀಲ್‌ಚೇರ್‌ಗೆ ಹಣ ಸೇರಿಸುತ್ತಿದ್ದೇನೆ: ನೀವು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮಂಗಳೂರಿನ ಒಂದು ಕಾಲೇಜಿನಲ್ಲಿ ಬಿ.ಕಾಂ. ಎರಡನೇ ವರ್ಷದಲ್ಲಿ ಓದುತ್ತಿದ್ದೇನೆ. ಬ್ಯಾಟರಿಯಲ್ಲಿ ಓಡುವ ವೀಲ್‌ಚೇರ್ ತೆಗೆದುಕೊಳ್ಳಲು ಹಣ ಸೇರಿಸುತ್ತಿದ್ದೇನೆ. ವಾಟ್ಸಾಪ್‌ನಲ್ಲಿ, ಕಾಲೇಜಿನ ಕಾರಿಡಾರಿನಲ್ಲಿ, ಊರಿನ ಮದುವೆ ಮನೆಯ ಊಟದ ಸಾಲಿನಲ್ಲಿ ಹೆಚ್ಚುಕಮ್ಮಿ ಒಂದೇ ತರದ ಪ್ರಶ್ನೆಗಳು ಬರುತ್ತವೆ. ಕೆಲವು ಹಣದ್ದು, ಕೆಲವು ನನ್ನ ಮೈಯದ್ದು, ಕೆಲವಂತೂ ಯಾವುದಕ್ಕೂ ಸಂಬಂಧವಿಲ್ಲದ್ದು. ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ.

ಒಟ್ಟು ಎಷ್ಟು ಬೇಕು?

2,40,000 ರೂಪಾಯಿ. ಅದರಲ್ಲಿ 50,000 ನಮ್ಮದೇ ಇದೆ: ನನ್ನ ಸ್ಕಾಲರ್‌ಶಿಪ್ ಹಣ, ಅಪ್ಪ ಕಳಿಸಿದ್ದು, ಅಮ್ಮನ ಬೀಡಿ ಹಣದ ಉಳಿತಾಯ. ಹಾಗಾಗಿ ಹೊರಗಿನಿಂದ ಬೇಕಾದದ್ದು 1,90,000. ಯಾವುದಕ್ಕೆ ಎಷ್ಟು ಅನ್ನುವುದು ಕೆಳಗೆ ಇದೆ.

ಈಗ ಕೂತಿರುವುದು ವೀಲ್‌ಚೇರ್‌ನಲ್ಲೇ ಅಲ್ವಾ? ಅದು ಸಾಲದಾ?

ಅದು ಕೈಯಿಂದ ಚಕ್ರ ತಿರುಗಿಸುವ ಕುರ್ಚಿ. ತಿರುಗಿಸಲು ನನ್ನಿಂದ ಆಗುವುದಿಲ್ಲ. ನನಗಿರುವುದು ಮಸ್ಕ್ಯುಲರ್ ಡಿಸ್ಟ್ರೋಫಿ. ಅದರಲ್ಲಿ ಹಲವು ಬಗೆಗಳಿವೆ. ನನ್ನದರಲ್ಲಿ ಸೊಂಟದ ಸುತ್ತ ಮತ್ತು ಭುಜದ ಸುತ್ತ ಇರುವ ಸ್ನಾಯುಗಳು ಮೊದಲು ಸೋಲುತ್ತವೆ. ಬೆರಳುಗಳು ಚೆನ್ನಾಗಿಯೇ ಇವೆ. ಪೆನ್ ಹಿಡಿಯುತ್ತೇನೆ, ಮೊಬೈಲಿನಲ್ಲಿ ನಿಮ್ಮೆಲ್ಲರಿಗಿಂತ ಬೇಗ ಟೈಪ್ ಮಾಡುತ್ತೇನೆ. ಆದರೆ ತೋಳು ಎತ್ತಿ ಚಕ್ರವನ್ನು ಮುಂದಕ್ಕೆ ತಳ್ಳುವ ಬಲ ಇಲ್ಲ. ಸಮತಟ್ಟಾದ ನೆಲದಲ್ಲಿ ಒಂದು ಕ್ಲಾಸ್‌ರೂಮಿನ ಉದ್ದ ಹೋಗುವಷ್ಟರಲ್ಲಿ ಭುಜ ಸೋತು ಹೋಗುತ್ತದೆ.

ಹಾಗಾಗಿ ಈಗ ತಳ್ಳುವುದು ಅಮ್ಮ. ನಮ್ಮ ಮನೆ ಕಾರ್ಕಳ ಕಡೆ. ಅಪ್ಪ ಪುಣೆಯಲ್ಲಿ ಹೋಟೆಲ್ ಕ್ಯಾಶಿಯರ್. ನನ್ನನ್ನು ತಳ್ಳಲೆಂದೇ ಅಮ್ಮ ಊರಿನ ಮನೆಗೆ ಬೀಗ ಹಾಕಿ ಬಂದು, ಬಿಜೈ ಹತ್ತಿರ ನೆಲಮಹಡಿಯಲ್ಲಿ ಒಂದು ಬಾಡಿಗೆ ರೂಮು ಹಿಡಿದಿದ್ದಾರೆ. ಬೆಳಿಗ್ಗೆ ನನ್ನನ್ನು ಕಾಲೇಜಿಗೆ ಬಿಟ್ಟು ರೂಮಿಗೆ ಹೋಗಿ ಬೀಡಿ ಕಟ್ಟುತ್ತಾರೆ. ಮಧ್ಯಾಹ್ನ ಟಾಯ್ಲೆಟ್‌ಗೆ ಮತ್ತೆ ಬರುತ್ತಾರೆ. ಸಂಜೆ ಮತ್ತೊಮ್ಮೆ. ಕೊನೆಯ ಪೀರಿಯಡ್ ರದ್ದಾದರೆ ನಾನು ಅಲ್ಲೇ ಕಾಯಬೇಕು. ಲೈಬ್ರರಿಗೆ ಹೋಗಬೇಕೆಂದರೆ ಯಾರಾದರೂ ಬಿಡುವಾಗಿದ್ದಾರಾ ಎಂದು ನೋಡಬೇಕು. ಗೆಳತಿಯರು ಯಾವತ್ತೂ ಇಲ್ಲ ಎಂದಿಲ್ಲ. ಆದರೆ ಹತ್ತೊಂಬತ್ತು ವರ್ಷದವಳಿಗೆ ಪ್ರತಿ ಸಲ ಕೇಳುವುದು ಎಂದರೆ ಏನು ಅಂತ ನಿಮಗೂ ಗೊತ್ತಿರಬಹುದು.

ಕುರ್ಚಿಗೆ ಅಭ್ಯಾಸವಾದರೆ ಇರುವ ಶಕ್ತಿಯೂ ಹೋಗುವುದಿಲ್ವಾ? ಸ್ವಲ್ಪ ಕಷ್ಟಪಟ್ಟು ನಡೆದು ನೋಡಬಾರದಾ?

ಇದನ್ನು ಕೇಳುವವರು ಪ್ರೀತಿಯಿಂದಲೇ ಕೇಳುತ್ತಾರೆ, ಅದು ಗೊತ್ತು. ಆದರೆ ಈ ಕಾಯಿಲೆ ಜಿಮ್‌ಗೆ ಹೋಗದ ಸೋಮಾರಿ ಸ್ನಾಯುಗಳದ್ದಲ್ಲ. ಸ್ನಾಯುವನ್ನು ಕಾಯುವ ಪ್ರೋಟೀನ್‌ಗಳಲ್ಲಿ ಹುಟ್ಟಿನಿಂದಲೇ ಕೊರತೆ ಇರುತ್ತದೆ. ಅತಿಯಾಗಿ ದುಡಿಸಿದರೆ ಸ್ನಾಯು ಬಲವಾಗುವ ಬದಲು ಇನ್ನಷ್ಟು ಹಾಳಾಗುತ್ತದೆ. ಫಿಸಿಯೋಥೆರಪಿ ಮಾಡುತ್ತಿದ್ದೇನೆ. ಅದು ಕೀಲುಗಳು ಬಿಗಿಯಾಗದ ಹಾಗೆ ನೋಡಿಕೊಳ್ಳಲು. ನಡೆಯುವುದು ನಿಂತದ್ದು ಬಿದ್ದು ಬಿದ್ದು. ಇನ್ನೊಂದು ಸಲ ಬಿದ್ದು ಸೊಂಟ ಮುರಿದರೆ ಓದೂ ಹೋಗುತ್ತದೆ.

ಇದಕ್ಕೆ 16 ಕೋಟಿಯ ಇಂಜೆಕ್ಷನ್ ಉಂಟಂತಲ್ಲ?

ಅದು ಬೇರೆ ಕಾಯಿಲೆಗೆ. ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ ಇರುವ ಪುಟ್ಟ ಮಕ್ಕಳಿಗೆ ಕೊಡುವ ಝೋಲ್ಗೆನ್ಸ್ಮಾ ಎಂಬ ಔಷಧದ ಸುದ್ದಿಯನ್ನು ನೀವು ಓದಿರುತ್ತೀರಿ. 2019ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು ಎರಡು ವರ್ಷದೊಳಗಿನ ಮಕ್ಕಳಿಗೆ. ಹೆಸರು ಹತ್ತಿರ ಹತ್ತಿರ ಕೇಳಿಸುವುದರಿಂದ ಗೊಂದಲ. ನನ್ನದು ಸಣ್ಣ ಬೇಡಿಕೆ, ಕೋಟಿಯ ಸುದ್ದಿ ಇಲ್ಲಿ ಬೇಡ.

ನಾಟಿ ಔಷಧಿ, ಎಣ್ಣೆ, ಹರಕೆ?

ಅಜ್ಜಿ ಹೇಳಿಕೊಂಡ ಹರಕೆಗಳೇ ಇನ್ನೂ ಬಾಕಿ ಇವೆ. ಹೊಸದು ಬೇಡ ಮಾರಾಯ್ರೇ.

ಸರ್ಕಾರ ಫ್ರೀಯಾಗಿ ಕೊಡುತ್ತದಲ್ಲ?

ಅತಿ ಹೆಚ್ಚು ಬರುವ ಪ್ರಶ್ನೆ ಇದೇ. ಸರ್ಕಾರ ಏನೂ ಕೊಡುವುದಿಲ್ಲ ಎಂದು ನಾನು ಹೇಳುವುದಿಲ್ಲ. ಕೊಡುತ್ತದೆ. ಸಾಮಾನ್ಯವಾಗಿ ಕೊಡುವ ವಸ್ತು ಮತ್ತು ನನಗೆ ಬೇಕಾದ ವಸ್ತು ಬೇರೆ ಬೇರೆ, ಅಷ್ಟೇ.

ವಿಕಲಚೇತನರಿಗೆ ಸಾಧನ ಕೊಡುವ ಕೇಂದ್ರ ಸರ್ಕಾರದ ಅಡಿಪ್ ಯೋಜನೆ 1981ರಿಂದ ಇದೆ. ಕಾನ್ಪುರದಲ್ಲಿರುವ ಅಲಿಮ್ಕೋ ಎಂಬ ಸರ್ಕಾರಿ ಕಂಪನಿ ಸಾಧನಗಳನ್ನು ತಯಾರಿಸುತ್ತದೆ. ತಾಲೂಕುಗಳಲ್ಲಿ ಶಿಬಿರ ಮಾಡಿ ಮೊದಲು ಅಳತೆ, ದಾಖಲೆ ತೆಗೆದುಕೊಳ್ಳುತ್ತಾರೆ. ಆಮೇಲೆ ಇನ್ನೊಂದು ದಿನ ಹಂಚುತ್ತಾರೆ. ಊರುಗೋಲು, ಕೈ ಕುರ್ಚಿ, ತ್ರಿಚಕ್ರ, ಶ್ರವಣ ಸಾಧನ ಎಲ್ಲ ಸಿಗುತ್ತದೆ. ಕನಿಷ್ಠ 40 ಪ್ರತಿಶತ ವೈಕಲ್ಯ ಇರಬೇಕು, ಮನೆಯ ಆದಾಯಕ್ಕೆ ಮಿತಿ ಇದೆ. ನನ್ನ ಈಗಿನ ಕೈ ಕುರ್ಚಿ ಹೀಗೆ ಬಂದದ್ದೇ. ಅದಕ್ಕೆ ನನಗೆ ಋಣ ಇದೆ.

ವೈಕಲ್ಯ ಜಾಸ್ತಿ ಇರುವವರಿಗೆ ಬ್ಯಾಟರಿ ತ್ರಿಚಕ್ರವನ್ನೂ ಕೊಡುತ್ತಾರೆ. ಜನ ಸಾಮಾನ್ಯವಾಗಿ ಹೇಳುವುದು ಅದನ್ನೇ. ರಸ್ತೆಯ ಬದಿಯಲ್ಲಿ ಅಂಗಡಿ ಇಟ್ಟವರಿಗೆ, ಊರೊಳಗೆ ಓಡಾಡಿ ವ್ಯಾಪಾರ ಮಾಡುವವರಿಗೆ ಅದು ತುಂಬಾ ಒಳ್ಳೆಯ ಗಾಡಿ. ಆದರೆ ಅದು ಉದ್ದ, ಮುಂದೆ ಹ್ಯಾಂಡಲ್ ಇರುತ್ತದೆ. ಲಿಫ್ಟ್‌ನೊಳಗೆ ಹೋಗುವುದಿಲ್ಲ. ಕ್ಲಾಸಿನ ಬೆಂಚುಗಳ ನಡುವೆ ತಿರುಗುವುದಿಲ್ಲ. ಮೇಜಿನ ಹತ್ತಿರ ಹೋಗಿ ಬರೆಯಲು ಆಗುವುದಿಲ್ಲ. ಅಂದರೆ ಕಾಲೇಜಿನ ಗೇಟಿನಲ್ಲಿ ಇಳಿದು ನಾನು ಮತ್ತೆ ಕೈ ಕುರ್ಚಿಗೆ ಕೂರಬೇಕು. ಎತ್ತಿ ಕೂರಿಸುವವರು ಯಾರು? ಮತ್ತೆ ಅಮ್ಮನೇ.

ರಾಜ್ಯ ಸರ್ಕಾರ ಕೊಡುವ, ಹಿಂದೆ ಎರಡು ಹೆಚ್ಚುವರಿ ಚಕ್ರ ಇರುವ ಸ್ಕೂಟರ್‌ಗೂ ಇದೇ ಮಾತು. ತೋಳಿನಲ್ಲಿ ಬಲ ಇದ್ದು, ತಾವಾಗಿ ಹತ್ತಿ ಇಳಿಯುವವರಿಗೆ ಅದು ಜೀವನ ಬದಲಿಸುವ ವಸ್ತು. ನಾನು ಆ ಹ್ಯಾಂಡಲ್ ಹಿಡಿದು ನಂತೂರು ಸರ್ಕಲ್ ದಾಟುವುದನ್ನು ಊಹಿಸಿಕೊಂಡರೆ ನನಗಿಂತ ಮೊದಲು ಲಾರಿ ಡ್ರೈವರ್‌ಗೆ ಭಯವಾದೀತು.

ಒಂದು ಮಾತು, ನನ್ನಂಥವರು ಇದನ್ನು ಓದುತ್ತಿದ್ದರೆ: ಮೊದಲು ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಿಕೊಳ್ಳಿ. ಅರ್ಜಿ ಆನ್‌ಲೈನ್‌ನಲ್ಲಿ, ತಪಾಸಣೆ ಸರ್ಕಾರಿ ಆಸ್ಪತ್ರೆಯಲ್ಲಿ. ಮಂಗಳೂರಿನವರಿಗೆ ವೆನ್‌ಲಾಕ್, ಉಡುಪಿಯವರಿಗೆ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ. ಪಂಚಾಯತಿನಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅಂತ ಇರುತ್ತಾರೆ, ತಾಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಯಾವ ಶಿಬಿರ ಯಾವಾಗ ಅನ್ನುವುದು ಮೊದಲು ತಿಳಿಯುವುದು ಅವರಿಗೆ. ಪಂಚಾಯತ್, ನಗರಸಭೆಗಳು ತಮ್ಮ ಅನುದಾನದಲ್ಲಿ ಒಂದು ಪಾಲನ್ನು ವಿಕಲಚೇತನರಿಗೆಂದೇ ತೆಗೆದಿಡಬೇಕು. ಅದನ್ನು ಕೇಳಿ ಪಡೆಯಬೇಕು. ಕೇಳದೆ ಯಾರೂ ಮನೆಗೆ ತಂದು ಕೊಡುವುದಿಲ್ಲ.

ಕಾಲೇಜಿನವರು ಯಾಕೆ ಕೊಡಬಾರದು?

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಕಾಲೇಜಿನ ಮೇಲೆ ಕೆಲವು ಜವಾಬ್ದಾರಿ ಹಾಕಿದೆ. ಕಟ್ಟಡಕ್ಕೆ ರ‍್ಯಾಂಪ್, ಬಳಸಬಹುದಾದ ಟಾಯ್ಲೆಟ್ ಇರಬೇಕು. ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ 5 ಪ್ರತಿಶತ ಸೀಟು ಮೀಸಲಿಡಬೇಕು. ಆ ಕಾಯ್ದೆಯ ಪಟ್ಟಿಯಲ್ಲಿರುವ 21 ವೈಕಲ್ಯಗಳಲ್ಲಿ ನನ್ನದೂ ಒಂದು. ನಮ್ಮ ಕ್ಲಾಸನ್ನು ನೆಲಮಹಡಿಗೆ ತಂದರು, ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಕೊಡುತ್ತಾರೆ. ಕುರ್ಚಿ ನನ್ನ ಸ್ವಂತ ವಸ್ತು. ರಜೆಯಲ್ಲೂ ಬೇಕು, ಡಿಗ್ರಿ ಮುಗಿದ ಮೇಲೂ ಬೇಕು. ಕಾಲೇಜಿನ ಸ್ಟಾಕ್ ರಿಜಿಸ್ಟರಿನಲ್ಲಿ ನನ್ನ ಕಾಲು ಇರುವುದು ನನಗಂತೂ ಬೇಡ.

ಆನ್‌ಲೈನ್‌ನಲ್ಲಿ ಇದರ ಅರ್ಧಕ್ಕೂ ಕಡಿಮೆ ಬೆಲೆಗೆ ಇದೆಯಲ್ಲ? ಇಷ್ಟು ದುಬಾರಿಯದ್ದು ಯಾಕೆ?

ಇದೆ. ನೋಡಿದ್ದೇನೆ, ಒಂದರಲ್ಲಿ ಕೂತೂ ನೋಡಿದ್ದೇನೆ. ಆಸ್ಪತ್ರೆಯ ಕಾರಿಡಾರ್, ಅಪಾರ್ಟ್‌ಮೆಂಟಿನ ಒಳಗೆ, ಮಾಲ್, ಅಲ್ಲಿಗೆ ಅವು ಸಾಕು. ನಾನಿರುವುದು ಮಂಗಳೂರಿನಲ್ಲಿ. ಈ ಊರಿನಲ್ಲಿ ಸಪಾಟು ರಸ್ತೆ ಎಲ್ಲಿದೆ ಹೇಳಿ? ಬಿಜೈಯಿಂದ ಕದ್ರಿ ಕಡೆ ಏರು, ಬಲ್ಮಠದಲ್ಲಿ ಏರು, ಲೈಟ್‌ಹೌಸ್ ಹಿಲ್ ಹೆಸರಿನಲ್ಲೇ ಗುಡ್ಡ. ಅಗ್ಗದ ಕುರ್ಚಿಯ ಮೋಟಾರು ಏರಿನಲ್ಲಿ ಬಿಸಿಯಾಗಿ ನಿಂತುಬಿಡುತ್ತದೆ. ಅದಕ್ಕಿಂತ ದೊಡ್ಡ ಭಯ ಇಳಿಜಾರಿನದ್ದು.

ಒಳ್ಳೆಯ ಕುರ್ಚಿಯಲ್ಲಿ ವಿದ್ಯುತ್ಕಾಂತೀಯ ಬ್ರೇಕ್ ಇರುತ್ತದೆ. ಕುರ್ಚಿ ನಡೆಸುವ ಸಣ್ಣ ಕಡ್ಡಿಯಾದ ಜಾಯ್‌ಸ್ಟಿಕ್‌ನಿಂದ ಬೆರಳು ತೆಗೆದ ಕೂಡಲೇ ಕುರ್ಚಿ ನಿಲ್ಲುತ್ತದೆ, ಕರೆಂಟ್ ಕಡಿದರೂ ಚಕ್ರ ಬಿಗಿಯಾಗಿಯೇ ಇರುತ್ತದೆ. ಮೋಟಾರನ್ನು ಚಕ್ರದಿಂದ ಬಿಡಿಸಿ, ಕೈಯಿಂದ ತಳ್ಳಲು ಒಂದು ಲಿವರ್ ಇರುತ್ತದೆ. ಆ ಲಿವರ್ ಎಳೆದಾಗ ಮಾತ್ರ ಬ್ರೇಕ್ ಇಲ್ಲ. ಇದನ್ನು ಯಾಕೆ ಹೇಳಿದೆ ಎಂದರೆ, ಸಹಾಯ ಮಾಡುವ ಉತ್ಸಾಹದಲ್ಲಿ ಯಾರೂ ನನ್ನ ಕುರ್ಚಿಯ ಲಿವರ್ ಮುಟ್ಟಬಾರದು. ಏರಿನಲ್ಲಂತೂ ಬೇಡವೇ ಬೇಡ.

ಮತ್ತೆ ಸೀಟು. ಬೆಳಿಗ್ಗೆ ಒಂಬತ್ತಕ್ಕೆ ಕೂತರೆ ಸಂಜೆ ನಾಲ್ಕರವರೆಗೆ ನಾನು ಹೆಚ್ಚುಕಮ್ಮಿ ಅದೇ ಭಂಗಿಯಲ್ಲಿ ಇರುತ್ತೇನೆ. ನೀವು ಗೊತ್ತಿಲ್ಲದೆ ಆಗಾಗ ಸರಿದು ಕೂರುತ್ತೀರಿ. ನನಗೆ ಅದು ಆಗುವುದಿಲ್ಲ. ಒಂದೇ ಕಡೆ ಒತ್ತಿ ಒತ್ತಿ ಚರ್ಮ ಕೆಂಪಾಗಿ, ಆಮೇಲೆ ಹುಣ್ಣಾಗುತ್ತದೆ. ಒತ್ತಡದ ಹುಣ್ಣು ಒಮ್ಮೆ ಆದರೆ ವಾಸಿಯಾಗಲು ತಿಂಗಳುಗಟ್ಟಲೆ ಬೇಕು, ಅಷ್ಟು ದಿನ ಹಾಸಿಗೆಯೇ ಗತಿ. ಬೆನ್ನು ವಾಲಿದರೆ ಬೆನ್ನುಮೂಳೆ ಬಾಗುತ್ತದೆ, ಉಸಿರಾಟಕ್ಕೂ ತೊಂದರೆ. ಹಾಗಾಗಿ ನನ್ನ ಅಳತೆಯ ಸೀಟು, ಹಿಂದಕ್ಕೆ ವಾಲುವ ಬೆನ್ನೊರಗು, ಒತ್ತಡ ಹಂಚುವ ಮೆತ್ತೆ. ಇವು ಮೂರೂ ಇರುವ ಕುರ್ಚಿ ಹುಡುಕಿದಾಗ ಬೆಲೆ ಮೇಲೆ ಹೋಗುತ್ತದೆ. ಇದಕ್ಕಿಂತ ಬಹಳ ದುಬಾರಿ, ವಿದೇಶದಿಂದ ಬರುವ ಕುರ್ಚಿಗಳೂ ಇವೆ. ಅವು ಬೇಡ. ಕೆಟ್ಟರೆ ಒಂದು ಸ್ಕ್ರೂ ಕೂಡ ಇಲ್ಲಿ ಸಿಗುವುದಿಲ್ಲ.

ಅಗಲದ ಲೆಕ್ಕವೂ ಇದೆ. ನಮ್ಮ ರೂಮಿನ ಬಾತ್‌ರೂಮಿನ ಬಾಗಿಲು ಎರಡೇ ಅಡಿ. ನಾನು ನೋಡಿದ ಯಾವ ಬ್ಯಾಟರಿ ಕುರ್ಚಿಯೂ ಅದರೊಳಗೆ ಹೋಗುವುದಿಲ್ಲ. ಅಲ್ಲಿಗೆ ಹಳೆಯ ಕುರ್ಚಿಯೇ.

ಐಐಟಿ ಮದ್ರಾಸ್‌ನವರು ಒಳ್ಳೆಯ ವೀಲ್‌ಚೇರ್ ಮಾಡಿದ್ದಾರಂತೆ, ಅದು ನೋಡಿದ್ರಾ?

ನೋಡಿದೆ. ನಿಯೋಮೋಷನ್ ಎಂಬ ಸ್ಟಾರ್ಟಪ್‌ನವರು ನಿಯೋಫ್ಲೈ, ನಿಯೋಬೋಲ್ಟ್ ಹೊರಗೆ ತಂದರು. ನಿಯೋಫ್ಲೈ ಅಳತೆ ತೆಗೆದು ಮಾಡುವ ಕೈ ಕುರ್ಚಿ. ನಿಯೋಬೋಲ್ಟ್ ಅದರ ಮುಂದೆ ಸಿಕ್ಕಿಸುವ ಮೋಟಾರು ಚಕ್ರ, ಗಂಟೆಗೆ 25 ಕಿಲೋಮೀಟರ್‌ವರೆಗೆ ಓಡುತ್ತದೆ. ಬೆನ್ನುಹುರಿಗೆ ಪೆಟ್ಟಾಗಿ ಕಾಲು ಮಾತ್ರ ಸೋತವರು, ತೋಳು ಗಟ್ಟಿ ಇರುವವರು ದಯವಿಟ್ಟು ಅದನ್ನೇ ಮೊದಲು ನೋಡಿ. ನನಗೆ ಕಟ್ಟಡದ ಒಳಗೂ ಮೋಟಾರು ಬೇಕು, ಅದೂ ಬೆರಳಲ್ಲಿ ನಡೆಸುವಂಥದ್ದು. ಅಲ್ಲಿ ಅದು ಹೊಂದುವುದಿಲ್ಲ.

ಹಣದ ಲೆಕ್ಕ ಬಿಡಿಸಿ ಹೇಳಿ.

ಕುರ್ಚಿ 1,60,000. ಅದಕ್ಕೆ 5 ಪ್ರತಿಶತ ಜಿಎಸ್‌ಟಿ 8,000. ಮೆತ್ತೆ 12,000. ರೂಮಿನ ಬಾಗಿಲಿಗೆ ಕಬ್ಬಿಣದ ರ‍್ಯಾಂಪ್ 18,000. ಸಾಗಾಟ ಮತ್ತು ಫಿಟ್ಟಿಂಗ್ 6,000. ಉಳಿದ 36,000 ಬ್ಯಾಟರಿ ಮತ್ತು ರಿಪೇರಿಗೆ ತೆಗೆದಿಡುವುದು.

ಕೊನೆಯದ್ದಕ್ಕೆ ಹಲವರು ಹುಬ್ಬೇರಿಸುತ್ತಾರೆ, "ರಿಪೇರಿಗೆ ಈಗಲೇ ಯಾಕೆ?" ಅಂತ. ಯಾಕೆಂದರೆ ಹೊಸ ಕುರ್ಚಿಗೆ ಹಣ ಕೊಡಲು ಜನ ಸಿಗುತ್ತಾರೆ, ಎರಡು ವರ್ಷ ಬಿಟ್ಟು ಬ್ಯಾಟರಿಗೆ ಕೊಡಲು ಯಾರೂ ಸಿಗುವುದಿಲ್ಲ. ದಾನವಾಗಿ ಬಂದ ಎಷ್ಟೋ ಬ್ಯಾಟರಿ ಗಾಡಿಗಳು ಮನೆಯ ಹಿಂದೆ ಟಾರ್ಪಾಲ್ ಹೊದ್ದು ಬಿದ್ದಿರುವುದು ಬ್ಯಾಟರಿ ಸತ್ತಿದ್ದಕ್ಕೇ. ಹಳೆಯ ಬಗೆಯ ಲೆಡ್ ಆಸಿಡ್ ಬ್ಯಾಟರಿ ಭಾರವೂ ಹೌದು, ದಿನಾ ಓಡಿಸಿದರೆ ಬಾಳಿಕೆಯೂ ಕಡಿಮೆ. ಲೀಥಿಯಂ ಬೆಲೆ ಜಾಸ್ತಿ, ಆದರೆ ಹಗುರ ಮತ್ತು ಹೆಚ್ಚು ವರ್ಷ ಬರುತ್ತದೆ. ನಾನು ಲೀಥಿಯಂ ಆರಿಸಿದ್ದೇನೆ.

ರ‍್ಯಾಂಪ್‌ಗೆ ಅಷ್ಟಾ? ಒಂದು ಹಲಗೆ ಇಟ್ಟರೆ ಸಾಲದಾ?

ಲೆಕ್ಕ ಹೀಗಿದೆ: ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದದ ರ‍್ಯಾಂಪ್ ಬೇಕು. ನಮ್ಮ ಬಾಗಿಲಿಗೆ ಇರುವುದು ಬರೀ ಎರಡು ಮೆಟ್ಟಿಲು. ಅಂದರೂ ರ‍್ಯಾಂಪ್ ಅಂಗಳದ ತುದಿಗೆ ಹೋಗಿ ಮುಟ್ಟುತ್ತದೆ. ಹಲಗೆ ಇಟ್ಟು ನೇರವಾಗಿ ಏರಿಸಿದರೆ ಕುರ್ಚಿ ಹಿಂದಕ್ಕೆ ಮಗುಚುತ್ತದೆ. ಅನೇಕ ಅಂಗಡಿಗಳ ಮುಂದೆ ಕಡ್ಡಾಯಕ್ಕೆಂದು ಕಟ್ಟಿದ ರ‍್ಯಾಂಪ್ ನೋಡಿದರೆ ಬೈಕ್ ಹತ್ತಿಸಲು ಕಟ್ಟಿದ ಹಾಗೆ ಇರುತ್ತದೆ. ಅದರ ಮೇಲೆ ಬೈಕೇ ನಿಂತಿರುತ್ತದೆ.

ನಮ್ಮ ಮಳೆಯಲ್ಲಿ ಈ ಕುರ್ಚಿ ಉಳಿಯುತ್ತದಾ?

ಒಳ್ಳೆಯ ಪ್ರಶ್ನೆ, ಕೇಳುವವರು ಕಡಿಮೆ. ಬೆಂಗಳೂರಿನ ಡೀಲರ್ ಕೂಡ ಇದನ್ನು ಹಗುರವಾಗಿ ತೆಗೆದುಕೊಂಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯಲ್ಲಿ ಎಂತಹ ಮಳೆ ಅಂತ ಘಟ್ಟದ ಮೇಲಿನವರಿಗೆ ಹೇಳಿ ಅರ್ಥ ಮಾಡಿಸುವುದು ಕಷ್ಟ.

ಸ್ವಲ್ಪ ಹನಿ ಬಿದ್ದರೆ ಏನೂ ಆಗುವುದಿಲ್ಲ. ಮೊದಲು ನೀರು ಕುಡಿದು ಹಾಳಾಗುವುದು ಜಾಯ್‌ಸ್ಟಿಕ್. ಅದಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಕವರ್ ಹಾಕುತ್ತೇನೆ. ನನಗೂ ಕುರ್ಚಿಗೂ ಸೇರಿ ಒಂದೇ ರೈನ್‌ಕೋಟ್ ಹೊಲಿಸಲು ಬಟ್ಟೆ ಆರಿಸಿ ಆಗಿದೆ. ರಸ್ತೆಯಲ್ಲಿ ನೀರು ನಿಂತಿದ್ದರೆ ಇಳಿಯುವುದಿಲ್ಲ, ಕೆಳಗೆ ಹೊಂಡ ಎಷ್ಟು ಆಳ ಎಂದು ಯಾರಿಗೆ ಗೊತ್ತು? ಜೋರು ಮಳೆಯ ದಿನ ಹಳೆಯ ಕುರ್ಚಿ ಮಡಚಿ ಆಟೋದಲ್ಲಿ ಹೋಗುತ್ತೇನೆ. ಸಮುದ್ರದ ಗಾಳಿಗೆ ತುಕ್ಕು ಹಿಡಿಯುತ್ತದೆ. ಅದಕ್ಕೇ ಕಬ್ಬಿಣದ ಚೌಕಟ್ಟು ಬಿಟ್ಟು ಅಲ್ಯೂಮಿನಿಯಂ ಇರುವುದನ್ನು ನೋಡಿದ್ದೇನೆ. ಗಾಳಿಮಳೆಗೆ ಕರೆಂಟ್ ಹೋಗುವುದು ಇಲ್ಲಿ ಹೊಸತಲ್ಲ, ಹಾಗಾಗಿ ರಾತ್ರಿಯೇ ಚಾರ್ಜ್ ತುಂಬಿಸಿ ಇಡುವುದು.

ಅದರಲ್ಲಿ ಬಸ್ ಹತ್ತಬಹುದಾ?

ಇಲ್ಲ. ಸಿಟಿ ಬಸ್ಸುಗಳ ಮೆಟ್ಟಿಲಿನ ಎತ್ತರ ನಿಮಗೇ ಗೊತ್ತು, ಕಂಡಕ್ಟರ್ ಸೀಟಿ ಊದುವ ಅವಸರವೂ ಗೊತ್ತು. ಕುರ್ಚಿ ಗಂಟೆಗೆ ಆರು ಕಿಲೋಮೀಟರ್ ಹೋಗುತ್ತದೆ, ಜೋರಾಗಿ ನಡೆಯುವವರ ವೇಗ. ರೂಮಿನಿಂದ ಕಾಲೇಜು ಒಂದು ಕಿಲೋಮೀಟರಿನ ಒಳಗೆ. ಝೆರಾಕ್ಸ್ ಅಂಗಡಿ, ಮೆಡಿಕಲ್, ಕದ್ರಿ ಪಾರ್ಕ್, ಇಷ್ಟು ಸಿಕ್ಕಿದರೆ ನನಗೆ ಊರು ಸಿಕ್ಕಿದ ಹಾಗೆ. ಕಾರ್ಕಳಕ್ಕೆ ಹೋಗುವಾಗ ಟೆಂಪೋ ಮಾಡುವುದೇ.

ಹಣ ಯಾರ ಖಾತೆಗೆ ಹೋಗುತ್ತದೆ?

ನನ್ನ ಮತ್ತು ಅಮ್ಮನ ಜಂಟಿ ಖಾತೆಗೆ. ಇಬ್ಬರ ಸಹಿಯೂ ಬೇಕು. ಜಾಸ್ತಿ ಮೊತ್ತ ಕೊಡುವವರು ಬಯಸಿದರೆ ನೇರ ಡೀಲರ್‌ಗೇ ಕಟ್ಟಬಹುದು. ಕೊಟೇಷನ್ ಕಳಿಸುತ್ತೇನೆ, ನನ್ನ ಹೆಸರಿನ ಬಿಲ್ಲಿಗೆ ಅದು ಜಮೆಯಾಗುತ್ತದೆ.

ಕಾಮರ್ಸ್ ಓದುವವಳು ತೆರಿಗೆ ಬಗ್ಗೆ ಹೇಳದಿದ್ದರೆ ನಮ್ಮ ಸರ್ ಬಿಡುವುದಿಲ್ಲ. ಸಂಬಂಧಿಕರಲ್ಲದವರಿಂದ ಒಂದು ಹಣಕಾಸು ವರ್ಷದಲ್ಲಿ ಒಟ್ಟು 50,000 ರೂಪಾಯಿ ಮೀರಿ ಉಡುಗೊರೆ ಹಣ ಬಂದರೆ, ಆ ಪೂರ್ತಿ ಹಣ ಆದಾಯ ಎಂದೇ ಲೆಕ್ಕ. ಚಿಕ್ಕಪ್ಪ, ಅತ್ತೆ, ಸೋದರಮಾವ ಕೊಟ್ಟದ್ದು ಇದರಲ್ಲಿ ಸೇರುವುದಿಲ್ಲ. ಅವರ ಮಕ್ಕಳು ಕೊಟ್ಟದ್ದು ಸೇರುತ್ತದೆ, ನಾವು ಅವರನ್ನು ಎಷ್ಟೇ ಅಣ್ಣ ಅಕ್ಕ ಎಂದು ಕರೆದರೂ. ನನಗೆ ಬೇರೆ ಆದಾಯ ಇಲ್ಲದ್ದರಿಂದ ತೆರಿಗೆ ಕಟ್ಟುವಷ್ಟು ಆಗುವುದಿಲ್ಲ. ಆದರೂ ಪ್ರತಿ ರೂಪಾಯಿಗೆ ಹೆಸರು, ದಿನಾಂಕ ಬರೆದಿಡುತ್ತಿದ್ದೇನೆ.

80ಜಿ ರಸೀದಿ ಸಿಗುತ್ತದಾ?

ಸಿಗುವುದಿಲ್ಲ. ಅದು ತೆರಿಗೆ ರಿಯಾಯಿತಿಗೆ ತೋರಿಸುವ ರಸೀದಿ, ಅದಕ್ಕೆಂದು ಮಾನ್ಯತೆ ಪಡೆದ ಟ್ರಸ್ಟ್‌ಗಳಿಗೆ ಕೊಟ್ಟ ದೇಣಿಗೆಗೆ ಮಾತ್ರ, ವ್ಯಕ್ತಿಗೆ ಕೊಟ್ಟದ್ದಕ್ಕೆ ಇಲ್ಲ. ತೆರಿಗೆ ಉಳಿಸಲೇಬೇಕು ಎನ್ನುವವರು ಅಂತಹ ಟ್ರಸ್ಟ್‌ಗೆ ಕೊಡಿ, ಖಂಡಿತ ಬೇಸರವಿಲ್ಲ.

ದುಬೈ, ಮಸ್ಕತ್, ಕುವೈತ್‌ನಿಂದ ಕಳಿಸಬಹುದಾ?

ನಿಮ್ಮದು ಭಾರತದ ಪಾಸ್‌ಪೋರ್ಟ್ ಆಗಿದ್ದು, ನಿಮ್ಮ ಸ್ವಂತ ಉಳಿತಾಯವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಎಂದು ಆಗುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರ ವಿಷಯ ಬೇರೆ, ಕಾನೂನಿನ ತಕರಾರು ಬೇಡ ಎಂದು ಅವರಿಂದ ತೆಗೆದುಕೊಳ್ಳುತ್ತಿಲ್ಲ.

ಇನ್ನೊಂದು ಮುಖ್ಯ ಮಾತು. ಯುಎಇಯಲ್ಲಿ ಅನುಮತಿ ಇಲ್ಲದೆ ಜನರಿಂದ ಹಣ ಎತ್ತುವುದು ಅಪರಾಧ, ಒಳ್ಳೆಯ ಕೆಲಸಕ್ಕಾದರೂ ಸರಿ. ನಿಮ್ಮ ಊರಿನವರ ಗ್ರೂಪ್‌ಗೆ ಈ ಮನವಿಯನ್ನು ಹಾಕಬೇಡಿ, ಯಾರ ಹತ್ತಿರವೂ ಸಂಗ್ರಹ ಮಾಡಬೇಡಿ. ನನ್ನ ಕುರ್ಚಿಗೋಸ್ಕರ ಯಾವ ಅಣ್ಣನ ಕೆಲಸವೂ ಹೋಗಬಾರದು.

ಇದು ಮೋಸ ಅಲ್ಲ ಎಂದು ಹೇಗೆ ನಂಬುವುದು?

ಸುಮ್ನೆ ನಂಬಬೇಡಿ. ಯುಡಿಐಡಿ ಕಾರ್ಡ್, ಡಾಕ್ಟರ್ ಚೀಟಿ, ಕೊಟೇಷನ್ ಕೇಳಿದರೆ ತೋರಿಸುತ್ತೇನೆ. ಕಾಲೇಜಿಗೆ ಬಂದು ನೋಡಿ, ಮಧ್ಯಾಹ್ನ ಕ್ಯಾಂಟೀನಿನ ಹತ್ತಿರ ಇರುತ್ತೇನೆ. ಯುಪಿಐ ಮಾಡುವಾಗ ಪಿನ್ ಒತ್ತುವ ಮೊದಲು ಪರದೆಯಲ್ಲಿ ಬರುವ ಹೆಸರು ನೋಡಿ. ಇಂತಹ ಮನವಿಗಳ ಫೋಟೋ ಕದ್ದು, ಕ್ಯೂಆರ್ ಕೋಡ್ ಮಾತ್ರ ಬದಲಿಸಿ ಹಂಚುವವರು ಇದ್ದಾರೆ. ನಾನು ಪ್ರತಿ ದಿನದ ಜಮೆಯನ್ನು ಬರೆದು ಹಾಕುತ್ತೇನೆ. ಹೆಸರು ಬೇಡ ಎಂದವರದ್ದು ಮೊತ್ತ ಮಾತ್ರ ಇರುತ್ತದೆ.

ನಿನ್ನ ಒಂದು ವಿಡಿಯೋ ಮಾಡಿದರೆ ಹಣ ಬೇಗ ಬರುತ್ತದಲ್ವಾ?

ಬರುತ್ತದೆ. ಹಿಂದೆ ಪಿಟೀಲು, ಅಮ್ಮ ಕಣ್ಣೊರೆಸಿಕೊಳ್ಳುವುದು, ನಾನು ಕಿಟಕಿಯಿಂದ ಆಚೆ ನೋಡುವುದು. ಬೇಡ. ನಾಳೆ ಕೆಲಸದ ಸಂದರ್ಶನಕ್ಕೆ ಹೋದಾಗ ಅವರು ನನ್ನ ಹೆಸರು ಹುಡುಕಿ ಆ ವಿಡಿಯೋ ನೋಡುತ್ತಾರೆ. ಹಣ ನಿಧಾನಕ್ಕೆ ಬರಲಿ.

ಮಿಲಾಪ್, ಕೆಟ್ಟೋ ಅಂಥ ಹಣ ಸಂಗ್ರಹದ ವೆಬ್‌ಸೈಟ್‌ಗಳಲ್ಲಿ ಯಾಕೆ ಹಾಕಿಲ್ಲ?

ತುರ್ತು ಆಪರೇಷನ್‌ಗೆ, ದೊಡ್ಡ ಮೊತ್ತಕ್ಕೆ ಅವು ಸರಿ. ಪಾವತಿಯ ಶುಲ್ಕ, ಜಾಹೀರಾತು ಎಂದು ಒಂದಿಷ್ಟು ಅಲ್ಲೇ ಕಡಿತವಾಗಬಹುದು. ನನ್ನ ಮೊತ್ತಕ್ಕೆ ಪರಿಚಯದವರ ಪರಿಚಯದವರೇ ಸಾಕು ಅನ್ನಿಸಿತು.

ನಮ್ಮ ಯುವಕ ಮಂಡಲದಿಂದ ಕಾರ್ಯಕ್ರಮ ಮಾಡಿ ಹಣ ಕೊಡುತ್ತೇವೆ, ಆಗಬಹುದಾ?

ಸಂತೋಷ. ನಮ್ಮ ಕಡೆ ಇದು ಹೊಸದೇನಲ್ಲ. ಉಡುಪಿಯ ಅಷ್ಟಮಿಯಲ್ಲಿ ರವಿ ಕಟಪಾಡಿಯವರು ವೇಷ ಹಾಕಿ ಎಷ್ಟೋ ಮಕ್ಕಳ ಚಿಕಿತ್ಸೆಗೆ ಹಣ ಕೂಡಿಸಿ ಕೊಟ್ಟಿದ್ದಾರೆ. ಅವರು ಕೂಲಿ ಕೆಲಸ ಮಾಡುವವರು ಎಂಬುದನ್ನು ನೆನಪಿಡಿ. ಹುಲಿವೇಷದ ತಂಡಗಳು, ಚರ್ಚಿನ ಹೌಸಿ ಆಟ, ಸಹಾಯಾರ್ಥ ಯಕ್ಷಗಾನ, ಎಲ್ಲವೂ ನಮ್ಮಲ್ಲಿ ನಡೆಯುವಂಥದ್ದೇ.

ಆದರೆ ಖರ್ಚು ನೋಡಿ. ಪೆಂಡಾಲ್, ಮೈಕ್, ಲೈಟು, ಬಂದವರಿಗೆ ಊಟ ಎಂದು ಕಳೆದರೆ ಕೆಲವು ಸಲ ಉಳಿಯುವುದು ಶಾಲು ಮಾತ್ರ. ಬೇರೆ ಕಾರಣಕ್ಕೆ ಹೇಗೂ ನಡೆಯುವ ಕಾರ್ಯಕ್ರಮದಲ್ಲಿ ಒಂದು ಡಬ್ಬಿ ಇಟ್ಟರೆ ಅದೇ ಲಾಭ. ಲಕ್ಕಿ ಡಿಪ್ ಕೂಪನ್ ದಯವಿಟ್ಟು ಬೇಡ, ರಾಜ್ಯದಲ್ಲಿ 2007ರಿಂದ ಲಾಟರಿ ನಿಷೇಧ ಇದೆ, ನನ್ನ ಹೆಸರಲ್ಲಿ ಆ ಗೊಂದಲ ಬೇಡ. ಮತ್ತೆ ನನ್ನನ್ನು ವೇದಿಕೆಗೆ ಎತ್ತಿಕೊಂಡು ಹೋಗುವುದೂ ಬೇಡ. ವೇದಿಕೆಗೆ ರ‍್ಯಾಂಪ್ ಇದ್ದರೆ ನಾನೇ ಬರುತ್ತೇನೆ.

ನನ್ನ ಹತ್ತಿರ ಹಣ ಇಲ್ಲ. ಬೇರೆ ಏನು ಮಾಡಬಹುದು?

ವೆಲ್ಡಿಂಗ್ ಬರುವವರಿದ್ದರೆ ರ‍್ಯಾಂಪ್‌ನ ಕೂಲಿ ಉಳಿಯುತ್ತದೆ. ಎಲೆಕ್ಟ್ರಿಕ್ ಸ್ಕೂಟರ್ ರಿಪೇರಿ ಮಾಡುವವರು ಪರಿಚಯ ಇದ್ದರೆ ಹೇಳಿ, ಶಿರಾಡಿ ಘಾಟಿ ಕುಸಿದು ಬೆಂಗಳೂರಿನ ಪಾರ್ಸೆಲ್ ಬಾರದ ವಾರ ನನಗೆ ಅವರೇ ದೇವರು. ಬಿಜೈ, ಕದ್ರಿ ಕಡೆ ಅಂಗಡಿ ಇದ್ದರೆ ಮುಂದಿನ ಚರಂಡಿಯ ಚಪ್ಪಡಿ ಸಂದಿ ಮುಚ್ಚಿಸಿ. ಮುಂದಿನ ಸಣ್ಣ ಚಕ್ರ ಅದರಲ್ಲಿ ಸಿಕ್ಕಿಕೊಂಡರೆ ನಾನು ಮುಖ ಅಡಿಯಾಗುತ್ತೇನೆ. ಫುಟ್‌ಪಾತ್ ಮೇಲೆ ಬೈಕ್ ನಿಲ್ಲಿಸಬೇಡಿ. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ನಮ್ಮ ಅಜ್ಜ ಬಳಸಿದ ಕುರ್ಚಿ ಇದೆ, ಕೊಡಲಾ?

ಅಜ್ಜನ ಅಳತೆ ನನಗೆ ಆಗುವುದಿಲ್ಲ, ಆದರೂ ಕೇಳಿದ್ದಕ್ಕೆ ಥ್ಯಾಂಕ್ಸ್. ಬ್ಯಾಟರಿ ಕುರ್ಚಿಯಾದರೆ ಮೂಲೆಯಲ್ಲಿ ಇಡಬೇಡಿ, ಚಾರ್ಜ್ ಇಲ್ಲದೆ ತಿಂಗಳುಗಟ್ಟಲೆ ಇದ್ದರೆ ಬ್ಯಾಟರಿ ಕೆಡುತ್ತದೆ. ನಿಮ್ಮ ಪಂಚಾಯತಿನ ಪುನರ್ವಸತಿ ಕಾರ್ಯಕರ್ತರಿಗೆ ಹೇಳಿ, ಬೇಕಾದವರು ಅವರಿಗೆ ಗೊತ್ತಿರುತ್ತಾರೆ.

ಜಾಸ್ತಿ ಹಣ ಬಂದರೆ? ಕಡಿಮೆ ಬಂದರೆ?

2,40,000 ಮುಟ್ಟಿದ ದಿನ ಸಂಗ್ರಹ ನಿಲ್ಲಿಸುತ್ತೇನೆ. ಆಮೇಲೆ ಬಂದದ್ದನ್ನು ಕಳಿಸಿದವರಿಗೆ ವಾಪಸ್ ಮಾಡುತ್ತೇನೆ. ಕಡಿಮೆ ಬಿದ್ದರೆ ಮೊದಲು ಕುರ್ಚಿ ಮತ್ತು ಮೆತ್ತೆ, ಆಮೇಲೆ ರ‍್ಯಾಂಪ್. ಬ್ಯಾಟರಿ ನಿಧಿಗೆ ಸಂಜೆ ಹೊತ್ತು ಪಿಯುಸಿ ಮಕ್ಕಳಿಗೆ ಅಕೌಂಟೆನ್ಸಿ ಟ್ಯೂಷನ್ ಹೇಳಿ ನಾನೇ ಸೇರಿಸುತ್ತೇನೆ. ಕುರ್ಚಿ ಕೊಳ್ಳಲೇ ಆಗದಿದ್ದರೆ ಎಲ್ಲರ ಹಣ ವಾಪಸ್, ಅದಕ್ಕೇ ಹೆಸರು ಬರೆದಿಡುತ್ತಿರುವುದು.

ಕುರ್ಚಿ ಬಂದರೆ ಅಮ್ಮ ಊರಿಗೆ ಹೋಗುತ್ತಾರಾ?

ಕೂಡಲೇ ಇಲ್ಲ. ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಬಾತ್‌ರೂಮಿಗೆ ಎತ್ತಲು ಜನ ಬೇಕೇ ಬೇಕು, ಅದನ್ನು ಯಾವ ಮೋಟಾರೂ ಮಾಡುವುದಿಲ್ಲ. ಬೆಳಿಗ್ಗೆ ಸಂಜೆ ದಾರಿಯುದ್ದಕ್ಕೂ ತಳ್ಳುವ ಕೆಲಸ ತಪ್ಪುತ್ತದೆ. ಅಮ್ಮನ ಬೆನ್ನುನೋವಿಗೆ ಡಾಕ್ಟರ್ ಹೇಳಿದ ಮೊದಲ ಔಷಧಿ ಅದೇ, ಭಾರ ತಳ್ಳಬೇಡಿ ಅಂತ.

ಕುರ್ಚಿ ಹಸ್ತಾಂತರದ ಕಾರ್ಯಕ್ರಮ ಯಾವಾಗ?

ಇಲ್ಲ. ಆರ್ಡರ್ ಕೊಟ್ಟ ಮೇಲೆ ಸೀಟಿನ ಅಳತೆಗೆ ತಯಾರಾಗಿ ಬರಲು ಕೆಲವು ವಾರ ಬೇಕು. ಬಂದ ದಿನ ಫಿಟ್ಟಿಂಗ್, ಜಾಯ್‌ಸ್ಟಿಕ್‌ನ ವೇಗ ಹೊಂದಿಸುವುದು, ಏರಿನಲ್ಲಿ ಬ್ರೇಕ್ ಪರೀಕ್ಷೆ, ಇಷ್ಟರಲ್ಲೇ ದಿನ ಮುಗಿಯುತ್ತದೆ. ಬಿಲ್ಲಿನ ಪ್ರತಿಯನ್ನು ಎಲ್ಲರಿಗೂ ಕಳಿಸುತ್ತೇನೆ. ನೋಡಲು ಬರುವವರು ಕಾಲೇಜು ಬಿಟ್ಟ ಮೇಲೆ ಬನ್ನಿ, ಪರೀಕ್ಷೆಯ ವಾರ ಬಿಟ್ಟು.